ಸುರಕ್ಷತೆ ಯಾರಿಗೆ? ಯಾರಿಂದ? ಲಿಟಲ್ ರಾಕ್ ಶಾಲೆಯ ಬಾಗಿಲಲ್ಲಿ ನಿಂತು ಕೇಳಬೇಕಾದ ಪ್ರಶ್ನೆ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಶಾಲಾ ಸುರಕ್ಷತೆ ಅಂದ ಕೂಡಲೇ ನಮ್ಮಲ್ಲಿ ಮಾತು ಹೋಗೋದು ಸಿಸಿ ಕ್ಯಾಮೆರಾ, ಕಾಂಪೌಂಡ್ ಗೋಡೆ, ಬೆಂಕಿ ಆರಿಸೋ ಸಿಲಿಂಡರ್, ಸ್ಕೂಲ್ ವ್ಯಾನ್ ಡ್ರೈವರ್‌ನ ಪೊಲೀಸ್ ವೆರಿಫಿಕೇಶನ್ ಕಡೆಗೆ. ಇವು ಬೇಡ ಅಂತ ನಾನು ಹೇಳ್ತಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಹೆಚ್ಚಿನವರು ಬಡವರ ಮಕ್ಕಳು. ಆ ಸಾವುಗಳ ಮೇಲೆ ನಡೆದ ಕೇಸಿನಲ್ಲೇ 2009ರಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಶಾಲೆ ಅನ್ನೋದು ಮಗುವಿನ ಶಿಕ್ಷಣದ ಹಕ್ಕಿನೊಳಗೇ ಸೇರಿದೆ ಎಂದು ಹೇಳಿತು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿ, ತಪ್ಪಾದರೆ ಆಡಳಿತ ಮಂಡಳಿಯೇ ಹೊಣೆ ಎಂದಿತು. ಎಲ್ಲಾ ಒಳ್ಳೇದೇ.

ನಾನೊಬ್ಬ ಗುಮಾಸ್ತ. ಸುತ್ತೋಲೆ ಓದೋದು, ಕಡತ ಕಟ್ಟೋದು ನನ್ನ ಹೊಟ್ಟೆಪಾಡು. ಆ ಅಭ್ಯಾಸದಿಂದ ಒಂದು ಮಾತು ಹೇಳ್ತೀನಿ. 'ಸುರಕ್ಷತೆ', 'ಶಾಂತಿ', 'ಸುವ್ಯವಸ್ಥೆ' ಎಂಬ ಮೂರು ಪದ ಯಾವ ಆದೇಶದಲ್ಲಿ ಕಂಡರೂ, ಯಾರನ್ನು ಯಾರಿಂದ ಕಾಪಾಡಲು ಈ ಆದೇಶ ಅಂತ ಕೇಳಬೇಕು. ಈ ಪ್ರಶ್ನೆ ಎಷ್ಟು ಮುಖ್ಯ ಅನ್ನೋದಕ್ಕೆ ಅಮೆರಿಕದ ಒಂದು ಊರಿನ ಕತೆ ಹೇಳಬೇಕು. ಊರು ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್. ವರ್ಷ 1957. ಒಂಬತ್ತು ಕಪ್ಪು ಮಕ್ಕಳ ಫೋಟೋ, ಅವರ ಸುತ್ತ ಸೈನಿಕರು — ಇಷ್ಟು ನಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಅದರ ಹಿಂದುಮುಂದಿನ ಕತೆ ನಮಗೆ ಇನ್ನೂ ಹೆಚ್ಚು ಬೇಕಾದ್ದು.

*

ಮೊದಲು ಹಿನ್ನೆಲೆ. ಅಮೆರಿಕದಲ್ಲಿ ಒಂದೊಂದು ಊರು, ಪ್ರದೇಶದ ಸರ್ಕಾರಿ ಶಾಲೆಗಳನ್ನು ಒಂದೊಂದು 'ಸ್ಕೂಲ್ ಡಿಸ್ಟ್ರಿಕ್ಟ್' ನಡೆಸುತ್ತದೆ. ನಮ್ಮ ಜಿಲ್ಲೆಗೂ ಅದಕ್ಕೂ ಸಂಬಂಧ ಇಲ್ಲ. ಲಿಟಲ್ ರಾಕ್‌ನಲ್ಲಿ ಇದ್ದದ್ದು ಜನ ಆರಿಸಿದ ಒಂದು ಶಾಲಾ ಮಂಡಳಿ, ಅದರ ಕೆಳಗೆ ಒಬ್ಬ ಸೂಪರಿಂಟೆಂಡೆಂಟ್. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೆ ಬೇರೆ ಶಾಲೆ, ಕಪ್ಪು ಜನರಿಗೆ ಬೇರೆ ಶಾಲೆ. ನಮ್ಮ ಊರು-ಕೇರಿ ಇದ್ದ ಹಾಗೇ.

1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬಣ್ಣ ನೋಡಿ ಶಾಲೆ ಬೇರ್ಪಡಿಸೋದು ಸಂವಿಧಾನಕ್ಕೆ ವಿರುದ್ಧ ಎಂದಿತು. ಕಪ್ಪು ಜನರ ಪರ ವಾದಿಸಿದವರು ಥರ್ಗುಡ್ ಮಾರ್ಷಲ್. ಮುಂದೆ ಅವರೇ ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಆದರೆ ಯಾವಾಗಿನಿಂದ ಜಾರಿ? 1955ರ ಎರಡನೇ ತೀರ್ಪು ತಾರೀಕು ಕೊಡಲಿಲ್ಲ. ವಿಚಾರ ಮಾಡಿ, ಆದಷ್ಟು ಬೇಗ ಎಂಬ ಅರ್ಥದ ಮಾತು ಹೇಳಿ ಬಿಟ್ಟಿತು. ನಮ್ಮ ಕಚೇರಿ ಭಾಷೆಯಲ್ಲಿ ಇದಕ್ಕೆ 'ಪರಿಶೀಲನೆಯಲ್ಲಿದೆ' ಅಂತಾರೆ.

ಲಿಟಲ್ ರಾಕ್‌ನ ಸೂಪರಿಂಟೆಂಡೆಂಟ್ ವರ್ಜಿಲ್ ಬ್ಲಾಸಮ್ ಒಂದು ನಿಧಾನಗತಿಯ ಯೋಜನೆ ಮಾಡಿದರು. 1957ರಲ್ಲಿ ಸೆಂಟ್ರಲ್ ಹೈಸ್ಕೂಲಿಗೆ ಕೆಲವೇ ಕಪ್ಪು ಮಕ್ಕಳು, ಸಣ್ಣ ತರಗತಿಗಳಿಗೆ ಮುಂದಿನ ವರ್ಷಗಳಲ್ಲಿ. ಸುಮಾರು ಎರಡು ಸಾವಿರ ಬಿಳಿ ಮಕ್ಕಳಿದ್ದ ಶಾಲೆಗೆ ಕೊನೆಗೆ ಹೊರಟವರು ಒಂಬತ್ತು ಮಂದಿ. ಮಿನ್ನಿಜೀನ್ ಬ್ರೌನ್, ಎಲಿಜಬೆತ್ ಎಕ್‌ಫರ್ಡ್, ಅರ್ನೆಸ್ಟ್ ಗ್ರೀನ್, ಥೆಲ್ಮಾ ಮದರ್‌ಶೆಡ್, ಮೆಲ್ಬಾ ಪಟೀಲೊ, ಗ್ಲೋರಿಯಾ ರೇ, ಟೆರೆನ್ಸ್ ರಾಬರ್ಟ್ಸ್, ಜೆಫರ್ಸನ್ ಥಾಮಸ್, ಕಾರ್ಲೊಟಾ ವಾಲ್ಸ್. ಇವರಿಗೆ ಹಾಕಿದ ಷರತ್ತು ಕೇಳಿ: ಪಾಠ ಕೇಳಬಹುದು, ಆದರೆ ಶಾಲೆಯ ಆಟ, ಹಾಡು, ಸಂಘಗಳಲ್ಲಿ ಸೇರುವಂತಿಲ್ಲ. ಒಳಗೆ ಬಿಟ್ಟರೂ ಮೂಲೆಯಲ್ಲಿ ಕೂರಿಸೋದು ನಮಗೇನು ಹೊಸದಲ್ಲ. ಬಾಬಾಸಾಹೇಬರು ಮನೆಯಿಂದ ಗೋಣಿಚೀಲ ತಗೊಂಡು ಹೋಗಿ ಅದರ ಮೇಲೆ ಕೂತು ಓದಿದ್ದು ಇದೇ ತರದ 'ಪ್ರವೇಶ'ದಲ್ಲಿ.

ಶಾಲೆ ಶುರುವಾಗೋ ಹಿಂದಿನ ದಿನ, ಸೆಪ್ಟೆಂಬರ್ 2ರ ರಾತ್ರಿ, ಗವರ್ನರ್ ಓರ್ವಲ್ ಫಾಬಸ್ ಟೀವಿಯಲ್ಲಿ ಬಂದರು. ಅಲ್ಲಿಯ ಗವರ್ನರ್ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಓಟು ಹಾಕಿ ಆರಿಸಿದವರು. ಕಪ್ಪು ಮಕ್ಕಳು ಬಂದರೆ ಹಿಂಸೆ ಆಗುತ್ತದೆ, ಜನರ ಪ್ರಾಣ, ಆಸ್ತಿ ಕಾಪಾಡಲು ನ್ಯಾಷನಲ್ ಗಾರ್ಡ್ ಪಡೆಯನ್ನು ಶಾಲೆಗೆ ಕಳಿಸಿದ್ದೇನೆ ಎಂದರು. ಹಿಂಸೆ ಮಾಡ್ತೀವಿ ಅಂದವರು ಬಿಳಿಯರು. ಪಡೆ ತಡೆದದ್ದು ಮಕ್ಕಳನ್ನು.

ಸೆಪ್ಟೆಂಬರ್ 4. ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿಯ ಅರ್ಕಾನ್ಸಾ ಘಟಕದ ಅಧ್ಯಕ್ಷೆ ಡೈಸಿ ಬೇಟ್ಸ್, ಮಕ್ಕಳೆಲ್ಲ ಒಟ್ಟಿಗೆ ಹೋಗಲಿ ಎಂದು ಹಿಂದಿನ ರಾತ್ರಿ ಮನೆಮನೆಗೆ ಫೋನ್ ಮಾಡಿ ಹೇಳಿದ್ದರು. ಎಲಿಜಬೆತ್ ಎಕ್‌ಫರ್ಡ್ ಮನೆಯಲ್ಲಿ ಫೋನ್ ಇರಲಿಲ್ಲ. ಹದಿನೈದರ ಹುಡುಗಿ. ಶಾಲೆಯ ಮೊದಲ ದಿನಕ್ಕೆ ತಾನೇ ಹೊಲಿದ ಬಟ್ಟೆ ತೊಟ್ಟು ಒಬ್ಬಳೇ ಬಸ್ಸಿಳಿದಳು. ಸೈನಿಕರನ್ನು ನೋಡಿ, ನನ್ನ ರಕ್ಷಣೆಗೆ ಬಂದಿದ್ದಾರೆ ಅಂದುಕೊಂಡಳು. ಬಿಳಿ ಮಕ್ಕಳನ್ನು ಬಿಟ್ಟ ಸೈನಿಕರು ಅವಳು ಹತ್ತಿರ ಬಂದ ಕೂಡಲೇ ಬಂದೂಕು ಅಡ್ಡ ಹಿಡಿದರು. ಹಿಂದೆ ತಿರುಗಿದರೆ ಕೂಗಾಡುವ ಗುಂಪು. ಬಸ್ ಸ್ಟಾಪ್ ತನಕ ಆ ಗುಂಪಿನ ನಡುವೆಯೇ ನಡೆದಳು. ಜಗತ್ತೆಲ್ಲ ನೋಡಿದ ಫೋಟೋ ಅದೇ: ಮುಂದೆ ಪುಸ್ತಕ ಅವುಚಿಕೊಂಡ ಹುಡುಗಿ, ಹಿಂದೆ ಬಾಯಿ ತೆರೆದು ಕಿರುಚುವ ಬಿಳಿ ಹುಡುಗಿ. ಬಸ್ ಸ್ಟಾಪ್ ಬೆಂಚಿನಲ್ಲಿ ಅವಳ ಪಕ್ಕ ಕೂತ ಪತ್ರಕರ್ತ ಬೆಂಜಮಿನ್ ಫೈನ್, ಅವಳನ್ನು ಬಸ್ಸು ಹತ್ತಿಸಿದ ಬಿಳಿ ಹೆಂಗಸು ಗ್ರೇಸ್ ಲಾರ್ಚ್, ಈ ಇಬ್ಬರನ್ನೂ ನೆನೆಯೋಣ. ಬಂದೂಕು ಹಿಡಿದವರು ಮಾಡದ ಕೆಲಸ ಇವರು ಮಾಡಿದರು.

ಫೆಡರಲ್ ಕೋರ್ಟ್ ಸೆಪ್ಟೆಂಬರ್ 20ರಂದು ಗವರ್ನರ್ ಅಡ್ಡಿ ಮಾಡಬಾರದು ಎಂದು ಆದೇಶಿಸಿತು. ಫಾಬಸ್ ಪಡೆ ವಾಪಸ್ ಕರೆಸಿ ಕೈ ತೊಳೆದುಕೊಂಡರು. 23ರಂದು ಒಂಬತ್ತು ಮಕ್ಕಳು ಪಕ್ಕದ ಬಾಗಿಲಿಂದ ಒಳಹೋದಾಗ ಹೊರಗೆ ಸಾವಿರದಷ್ಟು ಜನ ಸೇರಿದ್ದರು. ವರದಿಗೆ ಬಂದ ಕಪ್ಪು ಪತ್ರಕರ್ತರಿಗೆ ಒದೆ ಬಿತ್ತು. ಅಲೆಕ್ಸ್ ವಿಲ್ಸನ್ ಎಂಬ ಸಂಪಾದಕರ ತಲೆಗೆ ಇಟ್ಟಿಗೆಯಿಂದ ಹೊಡೆದರು. ಓಡಲ್ಲ ಅಂತ ನಿಂತವರು ಅವರು. ಮಧ್ಯಾಹ್ನದ ಒಳಗೆ ಮಕ್ಕಳನ್ನು ಶಾಲೆಯಿಂದ ಹೊರಗೆ ಸಾಗಿಸಬೇಕಾಯಿತು. ಮರುದಿನ ಅಧ್ಯಕ್ಷ ಐಸೆನ್‌ಹೋವರ್ 101ನೇ ಏರ್‌ಬೋರ್ನ್ ಪಡೆಯ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದರು, ಅರ್ಕಾನ್ಸಾ ಗಾರ್ಡ್ ಪಡೆಯನ್ನೂ ತಮ್ಮ ಕೈಗೆ ತಗೊಂಡರು. 25ರಂದು ಮಕ್ಕಳು ಮುಂಬಾಗಿಲಿಂದಲೇ ಒಳಗೆ ಹೋದರು.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗೀತಿತ್ತು.

*

ಪ್ರತಿ ಮಗುವಿಗೂ ಒಬ್ಬ ಸೈನಿಕ. ಕಾರಿಡಾರಿನಲ್ಲಿ ಹಿಂದೆ ನಡೆಯುತ್ತಾನೆ. ಆದರೆ ತರಗತಿಯ ಒಳಗೆ ಅವನು ಬರುವಂತಿಲ್ಲ. ಶೌಚಾಲಯಕ್ಕೆ ಬರುವಂತಿಲ್ಲ. ಬಟ್ಟೆ ಬದಲಿಸೋ ಕೋಣೆಗೆ ಬರುವಂತಿಲ್ಲ. ಹಿಂಸೆ ನಡೆದದ್ದು ಅಲ್ಲೇ, ಮತ್ತೆ ಸೈನಿಕನ ಕಣ್ಣು ತಪ್ಪಿದ ಕಡೆ. ಗ್ಲೋರಿಯಾಳನ್ನು ಮೆಟ್ಟಿಲಿನಿಂದ ತಳ್ಳಿದರು. ಮೆಲ್ಬಾ ಕಣ್ಣಿಗೆ ಆಸಿಡ್ ಎರಚಿದರು, ಜೊತೆಗಿದ್ದ ಸೈನಿಕ ಕೂಡಲೇ ನೀರಲ್ಲಿ ತೊಳೆದಿದ್ದಕ್ಕೆ ಕಣ್ಣು ಉಳಿಯಿತು. ನವೆಂಬರ್ ಮುಗಿಯೋ ಹೊತ್ತಿಗೆ 101ನೇ ಪಡೆ ಹೊರಟಿತು. ಉಳಿದದ್ದು ಅರ್ಕಾನ್ಸಾದ ಗಾರ್ಡ್ ಪಡೆ. ಅಂದ್ರೆ ಮೊದಲ ದಿನ ಎಲಿಜಬೆತ್‌ಗೆ ಬಂದೂಕು ಅಡ್ಡ ಹಿಡಿದ ಪಡೆಯೇ.

ದೂರು ಕೊಟ್ಟರೆ? ಶಾಲೆಯ ಉತ್ತರ: ದೊಡ್ಡವರು ಯಾರಾದ್ರೂ ಕಣ್ಣಾರೆ ನೋಡಿದ್ದಾರಾ? ನೋಡಿದ ಶಿಕ್ಷಕರು ಸಾಕ್ಷಿ ಹೇಳದಿದ್ದರೆ ಕ್ರಮ ಇಲ್ಲ. ಒಂಬತ್ತು ಮಕ್ಕಳ ಮಾತಿಗೆ ಬೆಲೆ ಇಲ್ಲ. ಇದನ್ನು ಓದಿದಾಗ ನನಗೆ ನಮ್ಮ ಅಟ್ರಾಸಿಟಿ ಕೇಸುಗಳು ನೆನಪಾದವು. ಊರವರ ಎದುರಿಗೇ ನಡೆದಿರುತ್ತೆ. ಸಾಕ್ಷಿ ಹೇಳೋಕೆ ಕೇರಿಯವರನ್ನು ಬಿಟ್ಟು ಒಬ್ಬರೂ ಬರಲ್ಲ. ಕೊನೆಗೆ 'ಸ್ವತಂತ್ರ ಸಾಕ್ಷಿಗಳಿಲ್ಲ' ಅಂತ ಬರೀತಾರೆ.

ಮಿನ್ನಿಜೀನ್ ಕತೆ ಕೇಳಿ. ಡಿಸೆಂಬರ್ 17ರಂದು ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಹೋಗುವಾಗ ಬಿಳಿ ಹುಡುಗರು ಕುರ್ಚಿ ಅಡ್ಡ ತಳ್ಳಿದರು. ಮೂರು ತಿಂಗಳಿಂದ ಸಹಿಸಿದ್ದ ಹುಡುಗಿ. ಕೈಲಿದ್ದ ಬಿಸಿ ಸಾರಿನ ಬಟ್ಟಲು ಇಬ್ಬರು ಹುಡುಗರ ತಲೆ ಮೇಲೆ ಬಿತ್ತು. ಒಂದು ಕ್ಷಣ ಮೌನ. ಆಮೇಲೆ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಜನ ಚಪ್ಪಾಳೆ ತಟ್ಟಿದರು ಎಂದು ಅರ್ನೆಸ್ಟ್ ಗ್ರೀನ್ ನೆನಪಿಸಿಕೊಂಡಿದ್ದಾರೆ. ಆ ಶಾಲೆಯಲ್ಲಿ ಅಡುಗೆ ಮಾಡೋಕೆ, ತಟ್ಟೆ ತೊಳೆಯೋಕೆ ಕಪ್ಪು ಜನ ಬೇಕಿತ್ತು, ಬೆಂಚಿನ ಮೇಲೆ ಕೂರೋಕೆ ಮಾತ್ರ ಬೇಡವಾಗಿತ್ತು! ಮಿನ್ನಿಜೀನ್ ಅಮಾನತಾದಳು. ಫೆಬ್ರವರಿಯಲ್ಲಿ ಒಬ್ಬ ಹುಡುಗಿ ಕೈಚೀಲದಿಂದ ಹೊಡೆದಾಗ ತಿರುಗಿ ಬೈದದ್ದಕ್ಕೆ ಶಾಲೆಯಿಂದಲೇ ತೆಗೆದರು. ಒಬ್ಬಳು ಹೋದಳು, ಇನ್ನು ಎಂಟು ಬಾಕಿ ಎಂದು ಬಿಳಿ ಮಕ್ಕಳು ಚೀಟಿ ಅಚ್ಚು ಹಾಕಿಸಿ ಹಂಚಿದರು.

ಶಿಸ್ತಿನ ನಿಯಮ ಎಲ್ಲರಿಗೂ ಒಂದೇ ಅಂತಾರೆ. ದಿನಾ ಹೊಡೆದವರಿಗೆ ಸಾಕ್ಷಿ ಇಲ್ಲ, ಒಂದು ದಿನ ತಿರುಗಿ ಬಿದ್ದವಳಿಗೆ ಸಾಕ್ಷಿಗಳ ಸಾಲು. ಇದು ಹಳೇ ಕತೆ ಅಂತಲೂ ಅಂದುಕೊಳ್ಳಬೇಡಿ. ಈಗ ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಸುರಕ್ಷತೆಗೆಂದೇ ಪೊಲೀಸರಿದ್ದಾರೆ. ಅಲ್ಲಿನ ಶಿಕ್ಷಣ ಇಲಾಖೆಯೇ 2014ರಲ್ಲಿ ಪ್ರಕಟಿಸಿದ ಅಂಕಿ: ಒಟ್ಟು ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ. 16, ಶಾಲೆಗೆ ಸಂಬಂಧಿಸಿದ ಬಂಧನಗಳಲ್ಲಿ ಶೇ. 31.

1958ರ ಮೇ 27ರಂದು ಅರ್ನೆಸ್ಟ್ ಗ್ರೀನ್ ಸೆಂಟ್ರಲ್‌ನಿಂದ ಪಾಸಾದ ಮೊದಲ ಕಪ್ಪು ವಿದ್ಯಾರ್ಥಿಯಾದರು. ಆ ಸಮಾರಂಭದ ಸಭಿಕರಲ್ಲಿ ಒಬ್ಬ ಯುವ ಪಾದ್ರಿ ಕೂತಿದ್ದರು, ಮಾರ್ಟಿನ್ ಲೂಥರ್ ಕಿಂಗ್. ಅವರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾರೆ.

*

ಇನ್ನು ಕೋರ್ಟಿನ ಭಾಗ. ಇಷ್ಟೆಲ್ಲ ಆದ ಮೇಲೆ ಶಾಲಾ ಮಂಡಳಿ ಏನು ಮಾಡಿತು? ಹೊಡೆದವರನ್ನು ಹೊರಗೆ ಹಾಕಿತಾ? ಇಲ್ಲ. 1958ರ ಫೆಬ್ರವರಿಯಲ್ಲಿ ಕೋರ್ಟಿಗೆ ಹೋಗಿ, ಗಲಾಟೆಯಿಂದ ಪಾಠ ನಡೀತಿಲ್ಲ, ಕಪ್ಪು ಮಕ್ಕಳನ್ನು ಹಳೇ ಶಾಲೆಗೆ ಕಳಿಸಿ ಎರಡೂವರೆ ವರ್ಷ ಈ ಯೋಜನೆ ಮುಂದಕ್ಕೆ ಹಾಕಿ ಎಂದು ಕೇಳಿತು. ಕೆಳ ಕೋರ್ಟ್ ಒಪ್ಪಿಯೂ ಬಿಟ್ಟಿತು! ಸುಪ್ರೀಂ ಕೋರ್ಟ್ 1958ರ ಸೆಪ್ಟೆಂಬರ್ 12ರಂದು ಕೂಪರ್ ವಿರುದ್ಧ ಆರನ್ ಪ್ರಕರಣದಲ್ಲಿ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ತೀರ್ಪಿನ ಸಾರ ಇಷ್ಟು: ಗವರ್ನರ್ ಮತ್ತು ಶಾಸನಸಭೆಯ ನಡವಳಿಕೆಯಿಂದ ಹುಟ್ಟಿದ ಗಲಭೆಯನ್ನೇ ಕಾರಣ ಮಾಡಿಕೊಂಡು ಕಪ್ಪು ಮಕ್ಕಳ ಹಕ್ಕು ಕಸಿಯುವಂತಿಲ್ಲ.

ಈ ತೀರ್ಪಿನ ಬೆಲೆ ತಿಳಿಯಬೇಕಾದ್ರೆ ಅದಕ್ಕೂ ನೂರು ವರ್ಷ ಹಿಂದಕ್ಕೆ, ನಮ್ಮ ಧಾರವಾಡಕ್ಕೆ ಬನ್ನಿ. 1856ರ ಜೂನ್. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಸೇರಿಸಿಕೊಳ್ಳಲಿಲ್ಲ. ಮುಂಬಯಿ ಸರ್ಕಾರ ಕೊಟ್ಟ ಕಾರಣ: ನ್ಯಾಯ ಹುಡುಗನ ಕಡೆಗಿದೆ ನಿಜ, ಆದರೆ ಈ ಒಬ್ಬನನ್ನು ಸೇರಿಸಿದರೆ ಉಳಿದವರು ಬಿಟ್ಟುಹೋಗ್ತಾರೆ, ಶಾಲೆಯೇ ಹಾಳಾಗುತ್ತೆ. ಯೋಚನೆ ಮಾಡಿ. ಸರ್ಕಾರವೇ ನ್ಯಾಯ ನಿನ್ನದು ಅನ್ನುತ್ತೆ, ಹೊರಗೆ ನಿಲ್ಲು ಅಂತಲೂ ಅನ್ನುತ್ತೆ. ಲಿಟಲ್ ರಾಕ್ ಮಂಡಳಿಯ ಅರ್ಜಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸ ಇದೆಯಾ? ಭಾರತ ಸರ್ಕಾರ ಈ ನಿಲುವನ್ನು ಒಪ್ಪಲಿಲ್ಲ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕು ಎಂದು ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೆ ಶಾಲೆಯ ಜಗಲಿಯಲ್ಲಿ ಕಾವಲು ಕಾಯೋರು ಯಾರೂ ಇರಲಿಲ್ಲ. 1928ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಈ ಧಾರವಾಡದ ಕಡತವನ್ನು ಹೊರಗೆಳೆದು ಇಟ್ಟರು. ಆ ಹುಡುಗ ಮುಂದೆ ಏನಾದ ಅನ್ನೋದು ಯಾವ ಕಡತಕ್ಕೂ ಬೇಕಾಗಿರಲಿಲ್ಲ.

*

ಲಿಟಲ್ ರಾಕ್ ಕತೆ ತೀರ್ಪಿಗೂ ಮುಗಿಯಲಿಲ್ಲ. ತೀರ್ಪಿನ ದಿನವೇ ಫಾಬಸ್ ಹೊಸ ಕಾನೂನುಗಳಿಗೆ ಸಹಿ ಹಾಕಿ ಊರಿನ ನಾಲ್ಕೂ ಹೈಸ್ಕೂಲುಗಳನ್ನು ಮುಚ್ಚಿಸಿದರು. ಆಮೇಲೆ ನಡೆದ ಮತದಾನದಲ್ಲಿ ಜನ 19,470 ಓಟಿನಿಂದ ಮುಚ್ಚಿರಲಿ ಅಂದರು, ತೆರೆಯಿರಿ ಅಂದವರು 7,561. 3,665 ಮಕ್ಕಳಿಗೆ ಒಂದು ವರ್ಷ ಶಾಲೆ ಇಲ್ಲ. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು, ಕಪ್ಪು ಮಕ್ಕಳಿಗೆ ಅದೂ ಇಲ್ಲ. ಶಾಲೆ ಮುಚ್ಚಿದ್ದರೂ ಫುಟ್‌ಬಾಲ್ ಪಂದ್ಯ ಮಾತ್ರ ನಿಲ್ಲಲಿಲ್ಲ. ಶಿಕ್ಷಕರು ಕರಾರಿನ ಪ್ರಕಾರ ದಿನಾ ಬಂದು ಖಾಲಿ ಕೋಣೆಯಲ್ಲಿ ಕೂತರು.

ಶಿಕ್ಷಕರ ಸುರಕ್ಷತೆ ಬಗ್ಗೆ ನಾವು ಕಡಿಮೆ ಮಾತಾಡ್ತೀವಿ, ಅದಕ್ಕೆ ಇದನ್ನು ಹೇಳಲೇಬೇಕು. 1958ರಲ್ಲೇ ಅರ್ಕಾನ್ಸಾ ಒಂದು ಕಾನೂನು ತಂದಿತು: ಪ್ರತಿ ಶಿಕ್ಷಕರೂ ಐದು ವರ್ಷದಲ್ಲಿ ತಾವು ಸೇರಿದ್ದ, ಚಂದಾ ಕೊಟ್ಟ ಎಲ್ಲ ಸಂಘಟನೆಗಳ ಪಟ್ಟಿ ಬರೆದುಕೊಡಬೇಕು. ಗುರಿ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತೈದು ವರ್ಷ ಪಾಠ ಮಾಡಿದ್ದ ಶೆಲ್ಟನ್ ಎಂಬ ಶಿಕ್ಷಕರು ಎನ್‌ಎಎಸಿಪಿ ಸದಸ್ಯರು. ಪಟ್ಟಿ ಕೊಡಲ್ಲ ಅಂದರು, ಕೆಲಸ ಹೋಯಿತು. 1960ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಅಂತರದಲ್ಲಿ ಆ ಕಾನೂನನ್ನು ಹೊಡೆದುಹಾಕಿತು. 1959ರ ಮೇ 5ರಂದು ಶಾಲಾ ಮಂಡಳಿಯ ಪ್ರತ್ಯೇಕತಾವಾದಿ ಸದಸ್ಯರು 44 ಶಿಕ್ಷಕರು ಮತ್ತು ಸಿಬ್ಬಂದಿಯನ್ನು ತೆಗೆದುಹಾಕಿದರು. ಈ ಸಲ ಊರು ಎದ್ದಿತು. ಅದೇ ತಿಂಗಳು ಓಟು ಹಾಕಿ ಆ ಸದಸ್ಯರನ್ನೇ ಮನೆಗೆ ಕಳಿಸಿದರು. ಆಗಸ್ಟ್‌ನಲ್ಲಿ ಶಾಲೆ ತೆರೆಯಿತು. ಆದರೂ 1960ರ ಫೆಬ್ರವರಿಯಲ್ಲಿ ಕಾರ್ಲೊಟಾ ವಾಲ್ಸ್ ಮನೆಗೆ ಬಾಂಬ್ ಬಿತ್ತು. ಮರುದಿನ ಆಕೆ ಶಾಲೆಗೆ ಹೋದಳು. ಆ ವರ್ಷವೇ ಪಾಸಾದಳು.

ಈಗ ಕಿಂಗ್. 1959ರಲ್ಲಿ ಅವರು ಭಾರತಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಗೆ ಹೋದರು. ಅಲ್ಲಿದ್ದವರು ಹೆಚ್ಚಾಗಿ ದಲಿತ ಮಕ್ಕಳು. ಮುಖ್ಯೋಪಾಧ್ಯಾಯರು ಅವರನ್ನು ಪರಿಚಯಿಸಿದ್ದು ಅಮೆರಿಕದಿಂದ ಬಂದ ನಮ್ಮಂಥದೇ ಒಬ್ಬ ಅಸ್ಪೃಶ್ಯ ಅಂತ. ಕಿಂಗ್‌ಗೆ ಮೊದಲು ಕಸಿವಿಸಿ ಆಯಿತಂತೆ. ಆಮೇಲೆ ತಮ್ಮ ಜನರ ಸ್ಥಿತಿ ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. 1965ರ ಒಂದು ಪ್ರವಚನದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಲಿಟಲ್ ರಾಕ್‌ನ ಮಕ್ಕಳನ್ನು ಕಣ್ಣಾರೆ ನೋಡಿ ಬಂದಿದ್ದ ಮನುಷ್ಯನಿಗೆ ನಮ್ಮ ಮಕ್ಕಳ ಸಂಬಂಧ ತಿಳಿಯೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

*

ನಮ್ಮ ಕಾಲಕ್ಕೆ ಬರೋಣ. 2022ರ ಆಗಸ್ಟ್‌ನಲ್ಲಿ ರಾಜಸ್ಥಾನದ ಜಾಲೋರ್‌ನಲ್ಲಿ ಒಂಬತ್ತು ವರ್ಷದ ದಲಿತ ಹುಡುಗ ಮೇಷ್ಟ್ರ ಹೊಡೆತದಿಂದ ಸತ್ತ, ಕುಡಿಯೋ ನೀರಿನ ಮಡಕೆ ಮುಟ್ಟಿದ್ದೇ ಕಾರಣ ಎಂದು ಮನೆಯವರು ದೂರಿದರು. 2023ರ ಆಗಸ್ಟ್‌ನಲ್ಲಿ ತಮಿಳುನಾಡಿನ ನಾಂಗುನೇರಿಯಲ್ಲಿ ಜೊತೆಗೆ ಓದುವ ಹುಡುಗರ ಕಾಟದ ಬಗ್ಗೆ ಶಾಲೆಗೆ ಹೇಳಿದ ದಲಿತ ವಿದ್ಯಾರ್ಥಿಯನ್ನೂ ಅವನ ತಂಗಿಯನ್ನೂ ಮನೆಗೆ ನುಗ್ಗಿ ಮಚ್ಚಿನಿಂದ ಕೊಚ್ಚಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ವಿಡಿಯೋ ಹೊರಬಂತು. ಈ ಮೂರರಲ್ಲಿ ಯಾವುದನ್ನು ಕಾಂಪೌಂಡ್ ಗೋಡೆ ತಡೀತಿತ್ತು ಹೇಳಿ? ಅಪಾಯ ಗೋಡೆಯ ಒಳಗೇ ಇತ್ತು.

ನಾಂಗುನೇರಿ ಆದಮೇಲೆ ತಮಿಳುನಾಡು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ಮಾಡಿತು. 2024ರ ಜೂನ್‌ನಲ್ಲಿ ವರದಿ ಬಂತು. ಶಾಲೆಗಳ ಹೆಸರಿನಿಂದ ಜಾತಿ ತೆಗೆಯಿರಿ, ಜಾತಿ ಗುರುತಿನ ಬಣ್ಣದ ಕೈದಾರ ನಿಲ್ಲಿಸಿ, ಮಕ್ಕಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಕೂರಿಸಿ, ಐನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಒಬ್ಬ ಕಲ್ಯಾಣಾಧಿಕಾರಿ ನೇಮಿಸಿ, ಆ ಪ್ರದೇಶದ ಬಲಿಷ್ಠ ಜಾತಿಯವರನ್ನೇ ಅಲ್ಲಿಯ ಮುಖ್ಯೋಪಾಧ್ಯಾಯರನ್ನಾಗಿ ಮಾಡಬೇಡಿ. ಶಾಲಾ ಸುರಕ್ಷತೆಯನ್ನು ತರಗತಿಯ ಬಾಗಿಲು ದಾಟಿಸಿ ಒಳಗೆ ತಂದ ವರದಿ ಇದು. ಪೂರ್ತಿ ಜಾರಿ ಆಗುತ್ತೋ ಇಲ್ವೋ ಬೇರೆ ಮಾತು. ಕರ್ನಾಟಕದಲ್ಲಿ ನಾವು ಇಂಥದ್ದನ್ನೇ ಕೇಳಬೇಕು.

ನನ್ನ ಲೆಕ್ಕದಲ್ಲಿ ಕೇಳಬೇಕಾದ್ದು ಇಷ್ಟು:

1. ಶಾಲಾ ಸುರಕ್ಷತೆಯ ತಪಾಸಣೆ ಪಟ್ಟಿಯಲ್ಲಿ ನೀರು, ಊಟದ ಪಂಕ್ತಿ, ಕೂರುವ ಜಾಗ, ಕಸ-ಶೌಚಾಲಯ ಯಾರು ಗುಡಿಸುತ್ತಾರೆ, ಈ ಪ್ರಶ್ನೆಗಳೂ ಇರಬೇಕು. ಸಿಲಿಂಡರ್ ಎಷ್ಟು ಅಂತ ಕೇಳೋ ಹಾಳೆಯಲ್ಲೇ.

2. ಮಗು ಹೇಳಿದ ಮಾತೇ ದೂರು. ಮೇಷ್ಟ್ರು ನೋಡಿದ್ರಾ ಅಂತ ಮೊದಲು ಕೇಳೋದು ನಿಲ್ಲಬೇಕು.

3. ಎಸ್‌ಡಿಎಂಸಿಯಲ್ಲಿ ಕೇರಿಯ ತಂದೆತಾಯಿ ಹಾಜರಾತಿ ಸಹಿಗಲ್ಲ, ತೀರ್ಮಾನಕ್ಕೆ ಇರಬೇಕು.

4. ಬಿಸಿಯೂಟದ ದಲಿತ ಅಡುಗೆಯವರು, ದಲಿತ ಶಿಕ್ಷಕರು ಕೂಡ ಶಾಲೆಯ ಸಿಬ್ಬಂದಿಯೇ. ಅವರ ಕೈ ಊಟ ಬೇಡ ಅಂತ ಊರು ಮಕ್ಕಳನ್ನು ಕರೆದೊಯ್ದರೆ, 'ಶಾಂತಿ ಕಾಪಾಡಲು' ಅಂತ ಅಡುಗೆಯವರನ್ನೇ ಬದಲಿಸೋದು ಧಾರವಾಡದ 1856ರ ಆದೇಶವೇ. ತಾರೀಕು ಮಾತ್ರ ಬೇರೆ.

5. ಕಾನೂನು ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯೋದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತೆ. ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ಕರ್ತವ್ಯ ಬಿಟ್ಟ ಅಧಿಕಾರಿಗೂ ಶಿಕ್ಷೆ ಅನ್ನುತ್ತೆ. ದೂರು ಬರೆಯುವಾಗ ಈ ಸೆಕ್ಷನ್‌ಗಳನ್ನು ಹೆಸರಿಸಿಯೇ ಬರೆಯಿರಿ. ಕಚೇರಿಯಲ್ಲಿ ಕೂತವನಾಗಿ ಹೇಳ್ತೀನಿ, ಸೆಕ್ಷನ್ ಹಾಕಿದ ಅರ್ಜಿಯನ್ನು ಮೇಜಿನ ಕೆಳಗೆ ತಳ್ಳೋಕೆ ಸ್ವಲ್ಪ ಭಯ ಆಗುತ್ತೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಮಾತ್ರ ಬರಬೇಡಿ.

ನಿಮ್ಮ ಊರಿನ ಶಾಲೆಯ ಸುರಕ್ಷತಾ ಸಮಿತಿಯಲ್ಲಿ ಯಾರ್‍ಯಾರು ಇದ್ದಾರೆ ಅಂತ ಈ ವಾರ ಹೋಗಿ ಕೇಳಿ. ಸಮಿತಿಯೇ ಇಲ್ಲ ಅಂದ್ರೆ ಲಿಖಿತದಲ್ಲಿ ಕೊಡಿ ಅನ್ನಿ. ನಾಂಗುನೇರಿಯ ಆ ಹುಡುಗ ಗಾಯ ವಾಸಿಯಾಗೋ ಮುಂಚೆಯೇ ಪುಸ್ತಕ ಹಿಡಿದು, ಮುಂದಿನ ವರ್ಷ ಹನ್ನೆರಡನೇ ಕ್ಲಾಸ್ ಪಾಸು ಮಾಡಿದ. ಅವನು ತನ್ನ ಪಾಲಿನ ಕೆಲಸ ಮಾಡಿದ್ದಾನೆ. ಉಳಿದದ್ದು ನಮ್ಮದು.

ಜೈ ಭೀಮ್.